ಸಿಂಗಾಪುರಕ್ಕೆ ಹೋದ ಔಷಧಿ ಸೀಸೆ

ಹನ್ನೆರಡು ವರ್ಷ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್ ಆಗಿದ್ದ ಜಿಯಾವುಲ್ಲಾ, ೧೯೫೪ರಲ್ಲಿ ಯಶವಂತಪುರದ ರೈಲ್ವೆ ಸ್ಟೇಷನ್ ಹತ್ತಿರ ಸಣ್ಣದೊಂದು ಔಷಧಿ ಅಂಗಡಿ ತೆರೆದರು. ಡಾಕ್ಟರ ಚೀಟಿ ನೋಡಿ ತಾವೇ ಔಷಧಿ ಬೆರೆಸಿ ಸೀಸೆಗೆ ತುಂಬಿಕೊಡುತ್ತಿದ್ದರು. ಕೈಗುಣ ಒಳ್ಳೆಯದೆಂದು ಸುತ್ತಲ ಹಳ್ಳಿಗಳಿಂದಲೂ ಜನ ಬರುತ್ತಿದ್ದರು.

ಮರುವರ್ಷ ಒಂದು ಸಂತೆಯ ದಿನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜಾಲಹಳ್ಳಿ ಆಚೆಯ ಸಿಂಗಾಪುರವೆಂಬ ಹಳ್ಳಿಯ ಪಟಾಲಮ್ಮ ತನ್ನ ಮಗಳ ಕೆಮ್ಮಿಗೆ ಔಷಧಿ ಒಯ್ದಳು. ರೈಲ್ವೆ ಕೆಲಸದ ದಾಸಪ್ಪ ಮಂಡಿನೋವಿಗೆ ಹಚ್ಚುವ ಎಣ್ಣೆ ಒಯ್ದ. ಮಧ್ಯಾಹ್ನ ದಾಸಪ್ಪ ಕುಂಟುತ್ತಾ ವಾಪಸ್ ಬಂದ.

"ಏನ್ ಸಾಬ್ರೇ ಇದು? ಮಂಡಿಗೆ ಹಚ್ಕೊಂಡ್ರೆ ಬೆಲ್ಲದ ಪಾಕದಂಗೆ ಅಂಟ್ತೈತೆ. ಇರುವೆ ಬೇರೆ ಮುತ್ಕೊಂಡ್ವು!"

ಜಿಯಾವುಲ್ಲಾ ಸೀಸೆ ಮೂಸಿದರು. ಅದು ಕೆಮ್ಮಿನ ಔಷಧಿ. ಹಾಗಾದರೆ ಹಚ್ಚುವ ಎಣ್ಣೆ ಮಗುವಿನ ಮನೆಗೆ ಹೋಗಿದೆ. ಹೊಟ್ಟೆಗೆ ಸೇರಿದರೆ ಅದು ವಿಷ.

"ದಾಸಪ್ನೋರೆ, ಅಂಗಡೀಲಿ ಕೂತಿರಿ. ಯಾರಿಗೂ ಏನೂ ಕೊಡ್ಬೇಡಿ" ಎಂದವರೇ ಸೈಕಲ್ ಏರಿದರು. ಜಾಲಹಳ್ಳಿ ದಾಟುವಾಗ ಟೋಪಿ ಹಾರಿಹೋಯಿತು, ನಿಲ್ಲಿಸಲಿಲ್ಲ.

ಸಿಂಗಾಪುರದ ಆ ಮನೆಯಂಗಳದಲ್ಲಿ ನಾಲ್ಕು ವರ್ಷದ ಹುಡುಗಿ ಕೆಮ್ಮುತ್ತಾ ಆಡುತ್ತಿದ್ದಳು. ಆ ಕೆಮ್ಮು ಕೇಳಿ ಅವರಿಗೆ ಹೋದ ಜೀವ ಬಂದಂತಾಯಿತು.

"ಅಮ್ಮಾ, ಔಷಧಿ ಕುಡಿಸಿದ್ರಾ?"

"ಇಲ್ಲ ಸಾಬ್ರೇ," ಎಂದಳು ಪಟಾಲಮ್ಮ. "ಮುಚ್ಚಳ ತೆಗುದ್ರೆ ನಮ್ಮತ್ತೆ ಸೊಂಟುಕ್ಕೆ ತಿಕ್ಕೋ ಎಣ್ಣೆ ವಾಸ್ನೆ ಬಂತು. ಇದನ್ನ ಕೂಸಿಗೆ ಎಂಗೆ ಕುಡ್ಸಾದು ಅಂತ ಗೂಡ್ನಾಗೆ ಮಡ್ಗಿದೀನಿ. ನಾಳೆ ಬಂದು ಕೇಳಾಣ ಅಂತಿದ್ದೆ."

ಜಿಯಾವುಲ್ಲಾ ಜಗಲಿಯ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಏನೋ ಒಂದು ನೆಪ ಹೇಳಿ ಸೀಸೆ ಬದಲಾಯಿಸಿಕೊಂಡು ಹೋಗಬಹುದಿತ್ತು. ಆದರೆ ಸೇರಿದ ಜನರೆದುರು, "ತಪ್ಪು ನಂದೇ. ಸೀಸೆ ಅದಲುಬದಲಾಯ್ತು" ಎಂದರು.

"ಪೊಲೀಸ್ನೋರಿಗೆ ಇಡ್ಕೊಡ್ಬೇಕು ಇವ್ರನ್ನ!" ಎಂದು ಯಾರೋ ಕೂಗಿದರು.

ಪಟಾಲಮ್ಮನ ಮಾವ ದೊಡ್ಡಮುನಿಯಪ್ಪ ಗದರಿದರು: "ಸುಮ್ಕಿರ್ಲಾ! ಮುಚ್ಚಿಡೋರಾಗಿದ್ರೆ ಈ ಬಿಸಿಲ್ನಾಗೆ ಇಂಗೆ ಓಡ್ಬರ್ತಿದ್ರಾ?" ಆಮೇಲೆ ಸೊಸೆಯ ಕಡೆ ತಿರುಗಿ, "ಮಜ್ಜಿಗೆ ತಂದ್ಕೊಡವ್ವ" ಎಂದರು.

ಆ ವಾರವೇ ಜಿಯಾವುಲ್ಲಾ ಹಚ್ಚುವ ಔಷಧಿಗೆಂದು ಮೈಯೆಲ್ಲ ಉಬ್ಬುಗೆರೆಗಳಿದ್ದ ನೀಲಿ ಸೀಸೆಗಳನ್ನು ತರಿಸಿದರು. ಓದು ಬಾರದವರಿಗೂ ಮುಟ್ಟಿದರೆ ಗೊತ್ತಾಗಬೇಕು. ಯಾರಿಗೆ ಏನು ಕೊಟ್ಟರೂ, ಅದು ಕುಡಿಯುವುದೋ ಹಚ್ಚುವುದೋ ಎಂದು ಅವರ ಬಾಯಿಂದಲೇ ಒಂದು ಸಲ ಹೇಳಿಸಿ ಕಳಿಸುತ್ತಿದ್ದರು.

ಮೂರು ವರ್ಷದ ಮೇಲೆ ದೊಡ್ಡಮುನಿಯಪ್ಪ ತಾವಾಗಿಯೇ ಅಂಗಡಿಗೆ ಬಂದರು. "ಯಲಹಂಕದಾಗೆ ನಮ್ದೊಂದು ಮಳಿಗೆ ಖಾಲಿ ಐತೆ ಸಾಬ್ರೇ. ಆ ಕಡೆ ಜನುಕ್ಕೆ ಔಷಧಿ ಬೇಕಂದ್ರೆ ಇಲ್ಲೀಗಂಟ ಬರ್ಬೇಕು. ನೀವೇ ಒಂದಂಗ್ಡಿ ಇಡಿ."

ಎರಡನೆಯ ಅಂಗಡಿ ಹಾಗೆ ಶುರುವಾಯಿತು. ಜಿಯಾವುಲ್ಲಾರ ತಮ್ಮ ಮುಜಫ್ಫರ್ ಕಾಂಪೌಂಡರ್ ಪರೀಕ್ಷೆ ಪಾಸು ಮಾಡಿ ಅಲ್ಲಿ ಕೂತ. ೧೯೬೩ರಲ್ಲಿ ಹೆಬ್ಬಾಳದಲ್ಲಿ ಮೂರನೆಯದು. ಎರಡರ ಬಾಗಿಲನ್ನೂ ಪಟಾಲಮ್ಮನ ಕೈಯಿಂದಲೇ ತೆಗೆಸಿದರು.

ಹೆಬ್ಬಾಳದಲ್ಲಿ ಅವಳು ಸಂಕೋಚದಿಂದ ಕೇಳಿದಳು: "ಅಂಥಾದ್ದೇನ್ ಮಾಡಿದೀನಿ ಅಂತ ನನ್ನೇ ಕರೀತೀರಾ?"

"ಅವತ್ತು ಒಂದು ಗಳಿಗೆ ನಿಂತು ಯೋಚ್ನೆ ಮಾಡಿದೋರು ನೀವು, ನಾನಲ್ಲ" ಎಂದರು ಜಿಯಾವುಲ್ಲಾ. "ಈ ಮೂರು ಅಂಗಡಿ ನಿಂತಿರೋದು ಅದರ ಮೇಲೇನೇ ತಾಯಿ."

ಅಷ್ಟರಲ್ಲಿ ಮೊದಲ ಗಿರಾಕಿ ಬಂದು ಬಾಗಿಲಲ್ಲಿ ನಿಂತ. ಪಟಾಲಮ್ಮ ನಗುತ್ತಾ ಪಕ್ಕಕ್ಕೆ ಸರಿದು ದಾರಿಬಿಟ್ಟಳು.