ಸಾಕ್ಷಿಯ ಭಾನುವಾರ

“ಲದ್ದಿ ನಾತದಲ್ಲಿ ಬೆಳೆದ ಹುಡುಗ್ರು ಬಂದೂಕು ಹಿಡೀದೆ ಬೈಬಲ್ ಹಿಡೀತಾವಾ, ಅರ್ಲೀನಕ್ಕಾ?”

ಚರ್ಚಿನ ಬ್ರದರ್ ಲಿಂಡೆಲ್ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಲಾಯದ ಬಾಗಿಲಲ್ಲಿ ನಿಂತಿದ್ದ. ಜುಲೈ ಬಿಸಿಲಿಗೆ ಹೊತ್ತೇರುವ ಮೊದಲೇ ಡಾಂಬರು ಮೆತ್ತಗಾಗಿತ್ತು. ನಾನು ಕುದುರೆಯನ್ನು ಗಾಡಿಯ ಮೂಕಿಗೆ ಕಟ್ಟುತ್ತಿದ್ದೆ. ನನ್ನ ತಂಗಿಯ ಮಗ ಕೆವಾಂಟೆ ಗಾಡಿಗೆ ಕಲ್ಲಂಗಡಿ ಏರಿಸುತ್ತಿದ್ದ. ಬಾಲ್ಟಿಮೋರಿನ ಪಡುವಣ ಓಣಿಗಳಲ್ಲಿ ಹಣ್ಣಿನ ಗಾಡಿ ಹೊಡೆಯುವುದು ನಮ್ಮಪ್ಪನಿಂದ ಬಂದ ಕಸುಬು.

“ನಾತ ಆದ್ರೆ ದಿನಾ ಯಾಕ್ ಬತ್ತೀಯ? ಕುದ್ರೆ ಏನಾರ ಕರೀತಾ?” ಅಂದೆ.

ಕೆವಾಂಟೆ ಕಿಸಕ್ಕನೆ ನಕ್ಕ.

ವಸಂತದಲ್ಲಿ ಅವನಣ್ಣ ಮಾರ್ಕೆಲ್‌ನನ್ನು ಓಣಿಯ ಮೂಲೆಯಲ್ಲಿ ಗುಂಡಿಟ್ಟು ಕೊಂದರು. ಶವಪೆಟ್ಟಿಗೆ ಕೊಟ್ಟದ್ದು ಚರ್ಚು. ಆಮೇಲೆ ಕೆವಾಂಟೆಗೆ ದಾರಿ ತೋರುವ ಅಣ್ಣನೆಂದು ಲಿಂಡೆಲ್‌ನನ್ನು ಗೊತ್ತುಮಾಡಿದ್ದೂ ಚರ್ಚೇ. ಬರುವಾಗಲೆಲ್ಲ ಕರಿದ ಕೋಳಿಯ ಡಬ್ಬಿ ತರುತ್ತಿದ್ದ. ಅವನು ಮಾತ್ರ ಒಂದು ತುಂಡೂ ಮುಟ್ಟುತ್ತಿರಲಿಲ್ಲ. ಅದೇ ನನಗೆ ಸರಿ ಕಾಣಲಿಲ್ಲ.

ಆ ಬೆಳಿಗ್ಗೆ ಹುಲ್ಲು ಎಳೆಯುತ್ತಿದ್ದಾಗ ಹಲಗೆಯ ಆಚೆ ಅವನು ಕೆವಾಂಟೆಗೆ ಹೇಳುತ್ತಿದ್ದುದು ಕೇಳಿಸಿತು. “ಹೊಡೆದೋನು ಯಾರೂಂತ ನಿಂಗೊತ್ತು. ನನ್ನತ್ರ ಹೇಳಿದ್ದು ನನ್ನ ಹೊಟ್ಟೆಲೇ ಇರ್ತದೆ, ತಮ್ಮಾ.”

ನಮ್ಮ ಓಣಿಗಳಲ್ಲಿ ಕೊಂದವರ ಹೆಸರನ್ನು ಸತ್ತವರ ಹೆತ್ತವರೂ ಬಾಯಿಗೆ ತರುವುದಿಲ್ಲ. ತಂದವರನ್ನು ಉಳಿಸುವುದಿಲ್ಲ.

ಗಾಡಿ ಹೊರಟ ಮೇಲೆ ಕೆವಾಂಟೆಯನ್ನು ಕೇಳಿದೆ. “ಹೆಸ್ರು ಯೋಳಿದ್ಯಾ?”

ಅವನು ಲಗಾಮಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತ. “ಅಣ್ಣ ಅಂದ್ಕಂಡಿದ್ದೆ ಕಣೆ, ದೊಡ್ಡವ್ವ.”

“ಅಣ್ಣನಂತೆ! ಥೂ, ಬಡ್ಡೀಮಗನೆ!” ಅಂದೆ. ಬೈದದ್ದು ಯಾರನ್ನೋ ನನಗೇ ತಿಳಿಯಲಿಲ್ಲ.

ಆ ವಾರವೇ ಚರ್ಚಿನ ಪಾದ್ರಿ ಹಾಲೊವೆ ನಮ್ಮಿಬ್ಬರನ್ನೂ ಕರೆಸಿದರು. ಕೂರಲು ಹೇಳಲಿಲ್ಲ.

“ಭಾನುವಾರ ದಾನಿಗಳು ಬರ್ತಾರೆ. ಕೊಂದವನನ್ನ ಕ್ಷಮಿಸಿದೆ ಅಂತ ಹುಡುಗ ಚರ್ಚಲ್ಲಿ ಅವರೆದುರು ಸಾಕ್ಷಿ ಹೇಳಲಿ.”

“ಅವ್ನಿಗೆ ಮಾತು ಬರಾಕಿಲ್ಲ, ಬುಡಿ.”

“ಮಾರ್ಕೆಲ್‌ನ ಮಣ್ಣು ಮಾಡಿದ್ದು ಯಾರಮ್ಮ? ಗಾಡಿ ಹೊಡೆಯೋ ನೀನಾ? ಅಷ್ಟು ಋಣ ಇಲ್ವಾ ನಿಮಗೆ?”

“ಹೆಸ್ರು ಮಾತ್ರ ಬರಬಾರ್ದು.”

“ಹೆಸರು ಯಾರು ಕೇಳಿದ್ರು?” ಎಂದು ಅವರು ಪಕ್ಕದಲ್ಲಿ ನಿಂತಿದ್ದ ಲಿಂಡೆಲ್ ಕಡೆ ನೋಡಿದರು. ಲಿಂಡೆಲ್ ತನ್ನ ಬೂಟು ನೋಡಿಕೊಂಡ.

ಭಾನುವಾರ ಮುಂದಿನ ಬೆಂಚುಗಳ ತುಂಬ ಊರಾಚೆಯ ತೋಟದ ಮನೆಗಳ ಬಿಳಿಯರು. ಹಿಂದೆ ನಮ್ಮ ಓಣಿಯವರು. ನಡುವೆ ಮುಕ್ಕಾಲಿಯ ಮೇಲೆ ಕ್ಯಾಮೆರಾ. ಅದು ನೋಡಿದ್ದನ್ನೆಲ್ಲ ಆ ಗಳಿಗೆಯೇ ಊರಿನ ಫೋನುಗಳಿಗೆ ಮುಟ್ಟಿಸುತ್ತಿತ್ತು.

ಕೆವಾಂಟೆ, “ನಾನು ಕ್ಷಮಿಸಿದೀನಿ,” ಎಂದವನೇ ಇಳಿಯಲು ಹೊರಟ. ಚಪ್ಪಾಳೆ ತೆಳ್ಳಗಿತ್ತು. ಪಾದ್ರಿ ಅವನ ಹೆಗಲು ಹಿಡಿದು ತಿರುಗಿಸಿದರು.

“ಯಾರನ್ನ, ಮಗಾ?”

ಹುಡುಗ ಹೆಗಲು ಬಿಡಿಸಿಕೊಳ್ಳಲು ನೋಡಿದ. ಪಾದ್ರಿಯೇ ಮೈಕಿಗೆ ಬಾಗಿದರು.

“ನಾಚಿಕೆ ಅವನಿಗೆ! ಈ ಕೂಸು ಕ್ಷಮಿಸಿರೋದು ತನ್ನ ಅಣ್ಣನನ್ನ ಕೊಂದ ಡಾಂಟ್ರೆಲ್ ಪೈಕ್‌ನನ್ನ! ಹಲ್ಲೆಲೂಯಾ ಅನ್ನಿ!”

ಮುಂದಿನವರು ಅಂದರು. ಹಿಂದಿನ ಬೆಂಚಿನ ಒಬ್ಬಳು ಮಕ್ಕಳ ರಟ್ಟೆ ಹಿಡಿದು ಸರಸರನೆ ಎದ್ದು ಹೋದಳು. ಅವಳ ಹಿಂದೆ ಇನ್ನಿಬ್ಬರು.

ಅಂಗಳದಲ್ಲಿ ದಾನಿಗಳು ಕೇಕು ತಿನ್ನುತ್ತಿದ್ದರು. ನಾನು ಕೆವಾಂಟೆಯ ಕೈ ಹಿಡಿದುಕೊಂಡು ಪಾದ್ರಿಗೆ ಅಡ್ಡ ನಿಂತೆ.

“ನಾವಿಬ್ರೂ ನಿಮ್ಮನೆಗೆ ಬತ್ತೀವಿ. ಓಣಿಗೋದ್ರೆ ಇವ್ನು ಉಳಿಯಾಕಿಲ್ಲ.”

“ಇವತ್ತು ಮನೇಲಿ ನೆಂಟರಿದಾರಮ್ಮ. ಬಾ, ಪ್ರಾರ್ಥನೆ ಮಾಡೋಣ.”

“ನಿನ್ನ ಪ್ರಾರ್ಥನೆಗಿಷ್ಟು ಬೆಂಕಿ ಹಾಕ!”

ಪಾದ್ರಿ ಹತ್ತುವ ಹೊತ್ತಿಗೆ ತಂಪಾಗಿರಲೆಂದು ಲಿಂಡೆಲ್ ಅವರ ಕಾರಿನ ಎಂಜಿನ್ ಚಾಲೂ ಮಾಡಿ ನಿಲ್ಲಿಸಿದ್ದ. ಹಿಂದಿನ ಬಾಗಿಲು ತೆಗೆದು ಹುಡುಗನನ್ನು ಒಳಕ್ಕೆ ನೂಕಿದೆ. ಪಕ್ಕದಲ್ಲಿ ಕೂತು, ಮುಂದಿನ ಸೀಟಿನತ್ತ ಬಾಗಿ ಅಗುಳಿ ಒತ್ತಿದೆ. ನಾಲ್ಕೂ ಬಾಗಿಲು ಟಕ್ಕೆಂದವು.

ಲಿಂಡೆಲ್ ಗಾಜು ಬಡಿದ. “ಇಳಿಯೇ! ಜನ ನೋಡ್ತಾವ್ರೆ!”

ಪಾದ್ರಿ ಬಿಸಿಲಲ್ಲಿ ನಿಂತು ಬೆವರೊರೆಸಿಕೊಂಡರು. ಕೇಕಿನ ತಟ್ಟೆ ಹಿಡಿದವರು ಹತ್ತಿರ ಬಂದರು. ಕೆವಾಂಟೆಯ ಜೇಬಿನಲ್ಲಿ ಫೋನು ಗುರ್ ಗುರ್ ಎನ್ನುತ್ತಲೇ ಇತ್ತು. ಅವನು ತೆಗೆಯಲಿಲ್ಲ.

“ಬೆಲ್ಟ್ ಹಾಕ್ಕಳ್ಲಾ, ಪಾದ್ರಿ ಮನೆಗೋಗ್ಬೇಕು,” ಅಂದೆ. ನಾನೂ ಹಾಕಿಕೊಂಡೆ.