ಅರಿಶಿನಕ್ಕೆ ಸುಣ್ಣ

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯಬೇಕಾದರೆ ಹಿಂದೆಲ್ಲ ಬೀದಿಗಾದರೂ ಇಳಿಯಬೇಕಿತ್ತು. ಈಗ ಆ ಕಷ್ಟವೂ ಇಲ್ಲ. ರುದ್ರಾಣಿ ಒಲೆ ಮುಂದೆ ಕೂತಲ್ಲಿಂದ ಏಳದೆ, ಬೇಳೆ ಬೇಯುವಷ್ಟರಲ್ಲಿ, ಫೋನಿನ ಮೇಲೆ ಹೆಬ್ಬೆರಳು ಆಡಿಸಿ ಕರೆದುಬಿಟ್ಟಳು. ಅದೂ ಅತ್ತೆಗೆ ಒಳ್ಳೆಯದಾಗಲಿ ಎಂದೇ ಕರೆದಳು.

ಅತ್ತೆ ಶಂಕರಮ್ಮನ ಹೊಟ್ಟೆ ಬಿಳಿಚೋಡಿನ ಆ ಓಣಿಗೆಲ್ಲ ಪರಿಚಯದ್ದು. ಉಂಡರೆ ಉಬ್ಬರ, ಉಣ್ಣದಿದ್ದರೆ ಉರಿ, ಮಲಗಿದರೆ ಗಂಟಲಿಗೆ ಬರುವ ಹುಳಿತೇಗು. ವರ್ಷಗಳಿಂದ ಇದೇ ಪಾಡು. ಜಗಳೂರಿನಲ್ಲಿ ತೋರಿಸಿದರು, ದಾವಣಗೆರೆಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿದರು. ಅಲ್ಲಿಯ ಡಾಕ್ಟರು, "ಮಂಡಿನೋವಿಗೆ ಅಂತ ದಿನಾ ನುಂಗ್ತೀರಲ್ಲಮ್ಮ, ಮೊದಲು ಆ ಗುಳಿಗೆ ಬಿಡಿ. ಹೊಟ್ಟೆ ಸುಡ್ತಿರೋದೇ ಅದು" ಎಂದಿದ್ದರು. ಬಸ್ಸಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ಶಂಕರಮ್ಮ ಆ ಡಾಕ್ಟರನ್ನೇ ಆಡಿಕೊಂಡಳು. "ಹೊಟ್ಟೆ ತೋರ್ಸಾಕೆ ಹೋದ್ರೆ ಮಂಡಿ ಮಾತು ತೆಗೀತಾನೆ. ಗುಳಿಗೆ ಬಿಟ್ರೆ ನಾನು ಬಚ್ಚಲಿಗೂ ಹೋಗಾಕೆ ಆಗಲ್ಲ." ಮನೆಗೆ ಬಂದವಳೇ ಒಂದು ಗುಳಿಗೆ ನುಂಗಿ ಮಲಗಿದಳು.

ರುದ್ರಾಣಿಗೆ ಅತ್ತೆಯ ಸಂಕಟ ನೋಡಲಾಗುತ್ತಿರಲಿಲ್ಲ. ಇದು ತೋರಿಕೆಯ ಮಾತಲ್ಲ. ಅವಳು ಹೊನ್ನಾಳಿ ಕಡೆಯ ಹೆಣ್ಣು, ಹೊಳೆ ನೀರು ಕುಡಿದು ಗದ್ದೆಯ ಅನ್ನ ಉಂಡು ಬೆಳೆದವಳು. ಈ ಮನೆಗೆ ಬಂದ ಹೊಸದರಲ್ಲಿ ಅವಳು ಕಟ್ಟಿದ ರಾಗಿಮುದ್ದೆ ಮುರಿದರೆ ಒಳಗೆ ಹಸಿ ಹಿಟ್ಟು ಇರುತ್ತಿತ್ತು. ಗಂಡ ದುರುಗೇಶ ನಕ್ಕಿದ್ದ. ಶಂಕರಮ್ಮ ನಗಲಿಲ್ಲ. ಸೊಸೆಯ ಹಿಂದೆ ನಿಂತು, ಕೋಲು ಹಿಡಿದ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ತಿರುವಿಸಿ ಕಲಿಸಿದಳು. ಅದಾಗಿ ಒಂಬತ್ತು ವರ್ಷ. ಯಾರೇ ನೆಂಟರು ಬರಲಿ, ಶಂಕರಮ್ಮನ ಬಾಯಲ್ಲಿ ಒಂದೇ ಮಾತು: "ನಮ್ ರುದ್ರಾಣಿ ಕೈಯಾಗೆ ಉಂಡು ನೋಡ್ರಿ, ಆಮೇಲೆ ಮಾತಾಡ್ರಿ." ತವರಿನಿಂದ ಹೆಚ್ಚೇನೂ ತರದ ಹೆಣ್ಣಿಗೆ ಈ ಮನೆಯಲ್ಲಿ ಇದ್ದ ಆಸ್ತಿ ಅದೊಂದೇ. ಅತ್ತೆ ತಟ್ಟೆಯ ಮುಂದೆ ಕೂತು ಮುಖ ಕಿವುಚಿದಾಗೆಲ್ಲ ಆ ಆಸ್ತಿ ಕರಗುತ್ತಿದೆ ಎಂದು ಅವಳಿಗೆ ದಿಗಿಲಾಗುತ್ತಿತ್ತು.

ಫೋನಿನಲ್ಲಿ ಸಿಕ್ಕವರು ಒಬ್ಬ ಗಿಡಮೂಲಿಕೆ ಪಂಡಿತರು. ಹೆಗಲ ಮೇಲೆ ಕಾವಿ ಶಾಲು, ಹಿಂದೆ ಗಾಜಿನ ಭರಣಿಗಳ ಸಾಲು, ಮಾತು ಬೆಣ್ಣೆ. ಹಳೆಯ ಗ್ಯಾಸು, ಹಳೆಯ ಹೊಟ್ಟೆನೋವು, ಯಾವ ಡಾಕ್ಟರಿಗೂ ಬಗ್ಗದ ಹುಳಿತೇಗು ಎಂದು ಅವರು ವಿಡಿಯೊದಲ್ಲಿ ಒಂದೊಂದೇ ಹೇಳುತ್ತಿದ್ದರೆ, ಅತ್ತೆಯನ್ನು ಎದುರಿಗೆ ಕೂರಿಸಿಕೊಂಡೇ ಹೇಳುತ್ತಿದ್ದಾರೆ ಅನ್ನಿಸಿತು. ಕೆಳಗಿದ್ದ ನಂಬರಿಗೆ ವಾಟ್ಸಾಪ್ ಮಾಡಿದಳು. ಬರೆಯುವುದಕ್ಕಿಂತ ಮಾತು ಸಲೀಸು ಎಂದು ಎಲ್ಲವನ್ನೂ ಬಾಯಲ್ಲೇ ಹೇಳಿ ಕಳಿಸಿದಳು. ಅತ್ತೆ ಏನು ಉಣ್ಣುತ್ತಾರೆ, ಯಾರು ಬಡಿಸುತ್ತಾರೆ, ಮನೆಯಲ್ಲಿ ಯಾರ‍್ಯಾರು ಇದ್ದಾರೆ, ತಾನು ಯಾವ ಹೊಳೆದಂಡೆಯ ಊರಿನವಳು, ತನ್ನ ಕೈ ಅಡುಗೆಗೆ ಊರಲ್ಲಿ ಎಂಥ ಹೆಸರು. ಗುರುತಿಲ್ಲದವರ ಮುಂದೆ ಮನೆ ಮಾತು ಬಿಚ್ಚುವುದರಲ್ಲಿ ನಮ್ಮ ಜನ ಎಂದೂ ಜಿಪುಣರಲ್ಲ.

ಕೊನೆಗೆ ಒಂದು ಮಾತು ಸೇರಿಸಿದಳು. "ಸ್ವಾಮಿ, ನಂಗೊಂದು ಅನುಮಾನ ಐತ್ರಿ. ಯಾರಾದ್ರೂ ಮದ್ದು ಇಕ್ಕಿರಬೌದಾ?"

ಮದ್ದು ಇಕ್ಕುವುದು ಅಂದರೆ ಆ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆಗದವರು ಊಟದಲ್ಲಿ ಏನೋ ಬೆರೆಸಿ ಬಡಿಸುತ್ತಾರೆ, ಅದು ಕರುಳಿಗೆ ಅಂಟಿಕೊಂಡು ವರ್ಷಗಟ್ಟಲೆ ಮನುಷ್ಯನನ್ನು ಒಳಗಿಂದಲೇ ತಿನ್ನುತ್ತದೆ ಎನ್ನುತ್ತಾರೆ. ಗಂಡನೋ ಅತ್ತೆಯೋ ತನ್ನ ಹಿಡಿತದಲ್ಲಿರಲಿ ಎಂದು ಇಕ್ಕುವ ಹೆಣ್ಣುಗಳೂ ಇದ್ದಾರಂತೆ. ಕಂಡವರಿಲ್ಲ, ನಂಬದವರೂ ಇಲ್ಲ. ರುದ್ರಾಣಿಯೂ ನಂಬುವವಳೇ. ಅವಳ ಅನುಮಾನಕ್ಕೆ ವಿಳಾಸವೂ ಇತ್ತು, ಚನ್ನಗಿರಿ. ಶಂಕರಮ್ಮನ ತಂಗಿ ನಿರ್ಮಲಮ್ಮನನ್ನು ಅಲ್ಲಿಯ ಅಡಿಕೆ ವ್ಯಾಪಾರಿಗಳ ಮನೆಗೆ ಕೊಟ್ಟಿದ್ದರು. ಆ ಮನೆಯ ಗೃಹಪ್ರವೇಶದಲ್ಲಿ, ಪಂಕ್ತಿಯಲ್ಲಿ ಕೂತವರೆಲ್ಲರ ಎದುರು ನಿರ್ಮಲಮ್ಮ, "ಅಕ್ಕಾ, ನಿನ್ನ ಸೊಸೆ ತವರಿಂದ ತಂದಿದ್ದು ಬರೀ ನಾಲಿಗೆ" ಎಂದು ನಕ್ಕಿದ್ದಳು. ಅತ್ತೆಯ ಹೊಟ್ಟೆನೋವು ಶುರುವಾದದ್ದು ಆ ಊಟದ ಆಸುಪಾಸಿನಲ್ಲೇ ಎಂದು ರುದ್ರಾಣಿ ಅಂದಿನಿಂದ ನಂಬಿಕೊಂಡಿದ್ದಳು. ಪಂಡಿತರ ಬಾಯಲ್ಲಿ ಚನ್ನಗಿರಿಯ ಹೆಸರೊಂದು ಬಂದರೆ ಅತ್ತೆಯ ಹೊಟ್ಟೆಯೂ ತಣ್ಣಗಾಗುತ್ತಿತ್ತು, ಸೊಸೆಯ ಹೊಟ್ಟೆಯೂ ತಣ್ಣಗಾಗುತ್ತಿತ್ತು.

ಸ್ವಲ್ಪ ದಿನಕ್ಕೆ ಅಂಚೆಯಲ್ಲಿ ಒಂದು ಪೊಟ್ಟಣ ಬಂತು. ಮೇಲೆ 'ಪರೀಕ್ಷೆ ಪುಡಿ' ಎಂದಿತ್ತು. ಬಿಚ್ಚಿದ ಕೂಡಲೇ ರುದ್ರಾಣಿಯ ಮೂಗು ಅದನ್ನು ಗುರುತು ಹಿಡಿಯಿತು. ಅರಿಶಿನ. ಬಣ್ಣ ಮಂಕಾಗಲೆಂದು ಜೊತೆಗೆ ಮಣ್ಣಿನಂಥದ್ದು ಏನೋ ಬೆರೆಸಿದ್ದರು, ಅಷ್ಟೇ. ದೊಡ್ಡವರು ಕಳಿಸಿದ್ದು, ಏನೋ ಅರ್ಥ ಇರುತ್ತದೆ ಎಂದುಕೊಂಡು ಮಡಿಚಿಟ್ಟಳು.

ಮಂಗಳವಾರ ಬೆಳಿಗ್ಗೆ ಪಂಡಿತರು ವಿಡಿಯೊ ಕಾಲ್ ಮಾಡಿದರು. ಶಂಕರಮ್ಮ ಗೋಡೆಗೆ ಒರಗಿ ಕೂತಳು, ದುರುಗೇಶ ತನ್ನ ಗೂಡ್ಸ್ ಆಟೋ ತೆಗೆಯದೆ ಮನೆಯಲ್ಲೇ ಉಳಿದ, ಪಕ್ಕದ ಮನೆಯ ಉಡಚಮ್ಮ ಕರೆಯದೆಯೇ ಬಂದು ಬಾಗಿಲಲ್ಲಿ ನಿಂತಳು. ಫೋನು ಹಿಡಿಯುವುದು ಚೆನ್ನಾಗಿ ಗೊತ್ತಿದ್ದವಳು ರುದ್ರಾಣಿ, ಅವಳೇ ಹಿಡಿದಳು.

"ಅಂಗೈಗೆ ಪುಡಿ ಹಚ್ಚಿ, ನೀರು ಹಾಕಿ ಉಜ್ಜಿ ತಾಯಿ," ಎಂದರು ಪಂಡಿತರು. "ಮೇಲೆ ಒಂದು ಕಾಳಿನಷ್ಟು ಸುಣ್ಣ ಇಡಿ. ಹೊಟ್ಟೆಯಲ್ಲಿ ಮದ್ದು ಇಲ್ಲ ಅಂದರೆ ಬಣ್ಣ ಬದಲಾಗಲ್ಲ. ಇದ್ದರೆ ರಕ್ತದ ಬಣ್ಣಕ್ಕೆ ತಿರುಗುತ್ತೆ."

ಶಂಕರಮ್ಮ ತನ್ನ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದಳು.

ರುದ್ರಾಣಿ ಬಾಯಿ ಬಿಡಬೇಕಾಗಿದ್ದುದು ಇಲ್ಲೇ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ. ಮದುಮಕ್ಕಳಿಗೆ ಆರತಿ ನೀರು ಕಲಸಿದ ಪ್ರತಿ ಹೆಣ್ಣಿಗೂ ಅದು ಗೊತ್ತು, ಶಂಕರಮ್ಮನಿಗೂ ಗೊತ್ತು. ಆದರೆ ಪುಡಿ ಅರಿಶಿನದ್ದು ಎಂದು ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ. ಆ ಒಬ್ಬಳಿಗೆ ಆ ಕೆಂಪು ಬೇಕಾಗಿತ್ತು. ನಿರ್ಮಲಮ್ಮನ ಮುಖಕ್ಕೆ ಬಳಿಯುವ ಕೆಂಪು ಎಂದುಕೊಂಡು ಸುಮ್ಮನಿದ್ದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಶಂಕರಮ್ಮನ ಅಂಗೈ ಕೆಂಪಾಯಿತು.

"ಅಯ್ಯೋ ಶಿವನೇ!" ಎಂದಳು ಉಡಚಮ್ಮ.

"ಯಾರು ಸ್ವಾಮಿ? ಯಾರು ಇಕ್ಕಿದ್ದು, ಹೇಳ್ರಿ!" ಎಂದು ಎಲ್ಲರಿಗಿಂತ ಮೊದಲು ಕೇಳಿದವಳೂ ರುದ್ರಾಣಿಯೇ.

ಪಂಡಿತರು ಕಣ್ಣು ಮುಚ್ಚಿದರು. "ಹೆಸರು ಹೇಳೋದು ನಮ್ಮ ಧರ್ಮ ಅಲ್ಲ. ಗುರುತು ಹೇಳ್ತೀನಿ. ದೂರದವರಲ್ಲ. ಹೊಳೆ ಕಡೆಯಿಂದ ಬಂದ ಹೆಣ್ಣು. ಅಡುಗೆಗೆ ಹೆಸರಾದ ಕೈ. ಇವತ್ತಿಗೂ ನಿಮ್ಮ ಮುಂದೆ ತಟ್ಟೆ ಇಡೋದು ಅದೇ ಕೈ ತಾಯಿ."

ಎಲ್ಲರೂ ಫೋನು ಬಿಟ್ಟು, ಫೋನು ಹಿಡಿದ ಕೈಯನ್ನು ನೋಡುತ್ತಿದ್ದರು. ಇರಲಾರದೆ ಇರುವೆ ಬಿಟ್ಟುಕೊಂಡರು ಎನ್ನುತ್ತಾರಲ್ಲ, ರುದ್ರಾಣಿ ಬಿಟ್ಟುಕೊಂಡದ್ದು ಹಾವನ್ನೇ.

ಅಂದು ಮಧ್ಯಾಹ್ನ ಅವಳು ಅಡುಗೆಮನೆಯ ಅರಿಶಿನದ ಡಬ್ಬಿ ತಂದು ಅತ್ತೆಯ ಕಾಲಬಳಿ ಕೂತಳು. ತನ್ನ ಅಂಗೈಗೆ ಹಚ್ಚಿಕೊಂಡು, ಸುಣ್ಣ ಇಟ್ಟು ಉಜ್ಜಿ, ಕೆಂಪಾದ ಕೈಯನ್ನು ಮುಂದೆ ಹಿಡಿದಳು. "ನೋಡ್ರಿ ಅತ್ತೇ. ಅವ್ರು ಕಳ್ಸಿದ್ದೂ ಬರೀ ಅರಿಶಿನ. ಪೊಟ್ಟಣ ಬಿಚ್ಚಿದಾಗಲೇ ವಾಸನೆ ಬಂತು ನಂಗೆ."

ಶಂಕರಮ್ಮ ಆ ಕೈಯನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಗೊತ್ತಿದ್ರೆ ಆಗ್ಲೇ ಯಾಕೆ ಹೇಳ್ಲಿಲ್ಲ?"

ನಿಜ ಹೇಳಿದರೆ, ನಿಮ್ಮ ಒಡಹುಟ್ಟಿದ ತಂಗಿಯ ಮೇಲೆ ಗೂಬೆ ಕೂರಿಸಲು ಕಾಯುತ್ತಿದ್ದೆ ಎನ್ನಬೇಕು. ಹೇಳದಿದ್ದರೆ ಮೌನವೇ ಒಪ್ಪಿಗೆ. ರುದ್ರಾಣಿ ತಲೆ ತಗ್ಗಿಸಿದಳು. ಶಂಕರಮ್ಮ ಎದ್ದು ಹೋಗಿ ತನ್ನ ಪಾಲಿನ ಗಂಜಿಗೆ ತಾನೇ ಎಸರಿಟ್ಟಳು.

ಹಿತ್ತಿಲಲ್ಲಿ ಮೂರು ಕಲ್ಲಿಟ್ಟು ಶಂಕರಮ್ಮ ಬೇರೆ ಒಲೆ ಹೂಡಿದಳು. ಮದ್ದು ಇಳಿಯಲೆಂದು ಪಂಡಿತರು ಹೇಳಿದ್ದ ಪಥ್ಯ ಚಾಚೂ ತಪ್ಪದಂತೆ ನಡೆಯಿತು. ಖಾರವಿಲ್ಲ, ಎಣ್ಣೆಯಿಲ್ಲ, ಇಂಗ್ಲಿಷ್ ಔಷಧದ ಒಂದು ಗುಳಿಗೆಯನ್ನೂ ಮುಟ್ಟುವಂತಿಲ್ಲ. ಮಂಡಿನೋವಿಗೆ ಅವಳು ಗೋಡೆ ಹಿಡಿದು ನಡೆದಳು, ನರಳಿದಳು, ಆದರೆ ಗುಳಿಗೆ ನುಂಗಲಿಲ್ಲ. ಡಾಕ್ಟರು ಹೇಳಿದಾಗ ಆಗದಿದ್ದದ್ದು ಮದ್ದಿನ ಹೆದರಿಕೆಗೆ ಆಯಿತು. ಮೊದಲು ಹುಳಿತೇಗು ನಿಂತಿತು. ಆಮೇಲೆ ಉರಿ ತಗ್ಗಿತು. ಬರಬರುತ್ತಾ ಶಂಕರಮ್ಮ ಬೆಳಗಿನ ತನಕ ನಿದ್ದೆ ಮಾಡತೊಡಗಿದಳು, ಕೆನ್ನೆ ತುಂಬಿಕೊಂಡಿತು. ಒಂದು ದಿನ ಹಿತ್ತಿಲಿನಿಂದ ಅತ್ತೆಯ ನಗು ಕೇಳಿ ರುದ್ರಾಣಿಗೆ ಸಂತೋಷವಾಯಿತು, ನಿಜವಾದ ಸಂತೋಷವೇ. ಅದರ ಹಿಂದೆಯೇ, ಅತ್ತೆ ಗುಣವಾದಷ್ಟೂ ತಾನು ಮುಳುಗುತ್ತಿದ್ದೇನೆ ಎಂದು ಅವಳಿಗೆ ಹೊಳೆಯಿತು.

ಗಂಡನ ಹತ್ತಿರ ಹೇಳಿಕೊಂಡಳು. "ರೀ, ದಾವಣಗೆರೆ ಡಾಕ್ಟ್ರು ಏನಂದಿದ್ರು ನೆನಪೈತಾ? ಗುಳಿಗೆ ಬಿಟ್ಟಿದ್ದಕ್ಕೆ ಅತ್ತೆಗೆ ವಾಸಿ ಆಗಿರೋದು."

ದುರುಗೇಶ ಆಟೋದ ಗಾಜು ಒರೆಸುತ್ತಿದ್ದವನು ತಿರುಗಲಿಲ್ಲ. "ನಾನೇನು ಹಂಗೆಲ್ಲ ನಂಬೋನಲ್ಲ. ಆದ್ರೆ ನಿನ್ ಕೈಯಾಗೆ ಉಣ್ಣೋದು ಬಿಟ್ ಮ್ಯಾಲೆ ಅವ್ವ ಗುಣ ಆಗಿದ್ದು ಸುಳ್ಳಾ?"

ನಂಬುವುದಿಲ್ಲ ಎಂದವನು ಮಧ್ಯಾಹ್ನದ ಊಟವನ್ನು ಜಗಳೂರಿನ ಹೋಟೆಲಿನಲ್ಲೇ ಮುಗಿಸಿಕೊಂಡು ಬರತೊಡಗಿದ. ಕೇಳಿದರೆ ಬಾಡಿಗೆ ಜಾಸ್ತಿ ಎಂದ. ರುದ್ರಾಣಿಗೆ ಮೈಯೆಲ್ಲ ಉರಿದುಹೋಯಿತು, ಆದರೆ ಯಾರ ಮೇಲೆ ಎಂದು ಉರಿಯುವುದು? ಬೆಂಕಿ ಹಚ್ಚಿದವಳೇ ತಾನು.

ಒಂದು ಮಧ್ಯಾಹ್ನ ಉಡಚಮ್ಮ ಸೆರಗು ಹೊದ್ದುಕೊಂಡು ಒಳಗೆ ಬಂದಳು. ಅತ್ತೆ ಮಲಗಿರುವುದನ್ನು ಖಚಿತ ಮಾಡಿಕೊಂಡು ಪಿಸುಗುಟ್ಟಿದಳು. "ನಮ್ಮನೆಯೋನು ಈಗ ನನ್ ಮಾತೇ ಕೇಳಲ್ಲ ಕಣೇ. ಅದೇನು ಹಾಕಿದ್ದೆ, ಎಲ್ಲಿಂದ ತಂದೆ, ನಂಗೂ ಒಂಚೂರು ಹೇಳಿಕೊಡು. ನಿನ್ನಾಣೆ, ಯಾರಿಗೂ ಹೇಳಲ್ಲ."

ರುದ್ರಾಣಿ ಅವಳನ್ನೇ ನೋಡಿದಳು. ಬೈಯಲು ಬಾಯಿ ತೆರೆದವಳು ಯಾಕೋ, "ಕೂತ್ಕೋ ಅಕ್ಕಾ, ಟೀ ಮಾಡ್ತೀನಿ" ಎಂದಳು.

"ಬ್ಯಾಡ ಬ್ಯಾಡ, ಈಗ ತಾನೇ ಕುಡಿದು ಬಂದೆ," ಎಂದು ಉಡಚಮ್ಮ ಎದ್ದೇಬಿಟ್ಟಳು. ಅವಳು ಹೋದ ಮೇಲೆ ರುದ್ರಾಣಿ ಒಬ್ಬಳೇ ಕೂತು ನಕ್ಕಳು, ನಕ್ಕು ಅತ್ತಳು.

ಪಥ್ಯ ಮುಗಿಯಿತು. ಈ ಸಲ ಪಂಡಿತರಿಗೆ ಫೋನು ಮಾಡಿದವನು ದುರುಗೇಶ. ಆಮೇಲೆ ಶಂಕರಮ್ಮ ಸೊಸೆಯನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಎಷ್ಟೋ ದಿನದ ಮೇಲೆ ತಲೆ ಸವರಿದಳು.

"ತಪ್ಪು ಯಾರು ಮಾಡಲ್ಲ ಹೇಳು. ಹೊಸದಾಗಿ ಬಂದಾಗ ನಿಮ್ ತವರೋರು ಯಾರೋ ಹೇಳಿಕೊಟ್ಟಿರ್ತಾರೆ, ನೀನೂ ಸಣ್ಣೋಳು, ಮಾಡ್ಬಿಟ್ಟೆ. ನಾನು ಮನಸಿನಾಗೆ ಇಟ್ಕಂಡಿಲ್ಲ ತಾಯಿ. ಇವತ್ತಿಂದ ನಿನ್ ಕೈಯಾಗೇ ಉಣ್ತೀನಿ. ಒಂದೇ ಒಂದು, ಪಂಡಿತ್ರು ಹೇಳ್ಯಾರೆ. ನಾವು ಉಣ್ಣಾಕೆ ಮುಂಚೆ ನಮ್ಮ ಕಣ್ಣೆದುರಿಗೆ ನೀನು ಒಂದು ತುತ್ತು ಉಣ್ಣಬೇಕು."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದಳು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ತಡೆದುಕೊಳ್ಳುವುದು ಹೇಗೆ ಎಂದು ಯಾವ ಅತ್ತೆಯೂ ಯಾವ ಸೊಸೆಗೂ ಕಲಿಸಿಲ್ಲ. ಹೂಂ ಎಂದು ಎದ್ದು ಹೋಗಿ ಒಲೆ ಹಚ್ಚಿದಳು.

ಮುದ್ದೆ ಕಟ್ಟಿದಳು, ಹುರುಳಿ ಸಾರು ಮಾಡಿದಳು. ಅತ್ತೆಗೂ ಗಂಡನಿಗೂ ತಟ್ಟೆಯಲ್ಲಿ ಬಡಿಸಿ, ಅವರೆದುರೇ ತಾನೂ ಒಂದು ತಟ್ಟೆ ಇಟ್ಟುಕೊಂಡು ಕೂತಳು. ಆ ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಉಳಿದದ್ದನ್ನು ಉಣ್ಣುವುದು ಸೊಸೆಯ ಪದ್ಧತಿ. ಹೊಗೆಯಾಡುವ ಮುದ್ದೆಯನ್ನು ಅವಳು ಅಷ್ಟು ವರ್ಷ ಕಟ್ಟಿದ್ದಳು, ಉಂಡಿರಲಿಲ್ಲ. ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದಳು. ಎರಡು ಜೊತೆ ಕಣ್ಣು ಅವಳ ಗಂಟಲನ್ನೇ ನೋಡುತ್ತಿದ್ದವು.

"ಸಾಕು ಬಿಡು," ಎಂದ ದುರುಗೇಶ. ಅವನ ಮುಖದಲ್ಲಿ ನಾಚಿಕೆ ಇತ್ತು.

ಅವಳು ಬಿಡಲಿಲ್ಲ. ಇನ್ನೊಂದು ತುತ್ತು ಮುರಿದಳು, ಮತ್ತೊಂದು. ಅವಸರವಿಲ್ಲದೆ ಇಡೀ ಮುದ್ದೆ ಮುಗಿಸಿ, ತಟ್ಟೆಯಲ್ಲಿ ಉಳಿದ ಸಾರನ್ನು ಎತ್ತಿ ಕುಡಿದಳು. ಕಾದು ಕೂತವರ ಮುದ್ದೆಗಳು ತಟ್ಟೆಯಲ್ಲೇ ಗಟ್ಟಿಯಾಗತೊಡಗಿದ್ದವು. ಅವಳು ಕೈ ತೊಳೆದುಕೊಂಡು ಸೆರಗಿಗೆ ಒರೆಸಿದಳು.

"ನೋಡಿದ್ರಲ್ಲ, ಬದುಕೇ ಇದೀನಿ. ಈಗ ಉಣ್ರಿ."

ದುರುಗೇಶ ತಟ್ಟೆಗೆ ಕೈ ಹಾಕಿದ. ಶಂಕರಮ್ಮ ಮಗನ ಮಣಿಕಟ್ಟು ಹಿಡಿದು ತಡೆದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಿಸಿ ಐತೆ, ಆರಲಿ ಎಂದು ಮಕ್ಕಳಿಗೆ ಹೇಳುವ ದನಿಯೇ ಅದು.

"ತಡಿಯೋ ಮಗಾ. ಅದು ಅಷ್ಟು ಲಗೂನೆ ಗೊತ್ತಾಗಲ್ಲ."