ಬಾಗಿಲಿಲ್ಲದ ನಾಲ್ಕನೇ ಕೋಣೆ

ನನ್ನ ಬಲಮೊಣಕಾಲು ಈಗ ಮಡಚುವುದಿಲ್ಲ. ಹೋದ ನವೆಂಬರಿನ ಒಂದು ಸಂಜೆ ಗ್ರಂಥಾಲಯದ ಕೆಲಸ ಮುಗಿಸಿ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಹಿಂದಿನಿಂದ ಯಾವುದೋ ಕಾರು ಗುದ್ದಿ, ನನ್ನನ್ನು ಚರಂಡಿಗೆ ಕೆಡವಿ ಹೋಯಿತು. ಬಸ್ಸಿನ ಡ್ರೈವರೊಬ್ಬ ನನ್ನನ್ನು ಕಾಣುವ ತನಕ ಮುಕ್ಕಾಲು ಗಂಟೆ ಹಿಮದಲ್ಲಿ ಬಿದ್ದಿದ್ದೆ. ಗುದ್ದಿದವರು ಯಾರೆಂದು ಪೊಲೀಸರಿಗೂ ತಿಳಿಯಲಿಲ್ಲ. ಅಂದಿನಿಂದ ಊರಿನ ಪ್ರತಿ ಕಾರಿನ ಮೂತಿಯನ್ನೂ ದಿಟ್ಟಿಸುವ ಚಾಳಿ ನನಗಂಟಿತು. ಕಾಲಿನ ನೋವಾದರೂ ಒಂದಿಷ್ಟು ಹೊತ್ತು ಮರೆಯುತ್ತಿತ್ತು, ಆ ಚಾಳಿ ಬಿಡುತ್ತಿರಲಿಲ್ಲ. ಯಾರು ಎಂದು ಒಮ್ಮೆ ತಿಳಿದರೆ ಸಾಕಾಗಿತ್ತು ನನಗೆ.

ಫೆಬ್ರವರಿಯಲ್ಲಿ ಊರುಗೋಲು ಹಿಡಿದು ಕೆಲಸಕ್ಕೆ ಮರಳಿದಾಗ ಮಂಗಳವಾರದ ಕಲಿಕೆಯ ಕೂಟವನ್ನು ನನ್ನ ತಲೆಗೆ ಕಟ್ಟಿದರು. ಬ್ರೌಸರಿನಲ್ಲೇ ಆಡುವ ಪುಟ್ಟ ಆಟಗಳನ್ನು ಮಾಡಲು ಕಲಿಯುವ ಕೂಟ. ಸೇರಿದವರು ಐವರು, ಎಲ್ಲರೂ ನಿವೃತ್ತರು. ಇಂಥ ಕೂಟಕ್ಕೆ ಮೇಷ್ಟ್ರು ಇರುವುದಿಲ್ಲ, ಮುಂದಾಳು ಇರುತ್ತಾಳೆ ಅಷ್ಟೇ. ಆಟ ಕಟ್ಟಲು ಯಾವ ತಂತ್ರಾಂಶ ಹಿಡಿಯಬೇಕೆಂಬುದನ್ನೂ ಕಾಫಿ, ಬನ್ನು ಮುಗಿಸಿ ಕೈಯೆತ್ತಿಯೇ ತೀರ್ಮಾನಿಸಬೇಕು.

ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ದುಡಿದ ಉಲ್ಫ್, ದೊಡ್ಡ ಕಂಪನಿಗಳು ಬಳಸುವಂಥದ್ದೇ ಆಗಬೇಕೆಂದು ಹಟ ಹಿಡಿದ. ಅದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವುದರೊಳಗೆ ಮೊದಲ ವಾರ ಮುಗಿಯಿತು. ತೆರೆದರೆ ಪರದೆ ತುಂಬ ಬಟನ್ನುಗಳು. ಒಂದು ಚೆಂಡನ್ನು ಉರುಳಿಸುವುದಕ್ಕೆ ಇಷ್ಟೆಲ್ಲ ಬೇಕೇ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಎರಡನೆಯದು ಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸುವಂಥದ್ದು, ಸುಲಭ, ಚೆಂದ. ಮೂರನೆಯದು ನನ್ನ ಮೆಚ್ಚಿನದು. ಒಂದೇ ಒಂದು ವೆಬ್ ಪುಟ, ಇಳಿಸಿಕೊಳ್ಳುವ ರಗಳೆಯಿಲ್ಲ. ಎಂಟೆಂಟು ಚುಕ್ಕಿಗಳ ಚೌಕದಲ್ಲಿ ಬೆಕ್ಕನ್ನೋ ಮರವನ್ನೋ ಬಿಡಿಸಿ ಕೋಣೆಯಲ್ಲಿಟ್ಟು, ಅದರ ಮಾತು ಬರೆದರೆ ಮುಗಿಯಿತು. ಆಡುವವರು ಹೋಗಿ ತಾಗಿದರೆ ಅದು, ಕೀಬೋರ್ಡಿನ ಕೀಲಿ ಒತ್ತಿದಂತೆಲ್ಲ ಒಂದೊಂದೇ ಸಾಲು ಮಾತಾಡುತ್ತದೆ. ಕೋಣೆಯೆಂದರೆ ಆಟದ ಒಂದು ದೃಶ್ಯ, ಒಂದರಿಂದ ಇನ್ನೊಂದಕ್ಕೆ ಹೋಗಲು ಬಾಗಿಲಿಡಬೇಕು. ಒಬ್ಬರು ಮಾಡಿದ ಆಟವನ್ನು ಇನ್ನೊಬ್ಬರು ತೆರೆದು, ಒಳಗೆ ಹೇಗೆ ಕಟ್ಟಿದ್ದಾರೆಂದು ನೋಡಿ ಕಲಿಯಬಹುದು. ಈ ಗುಣವನ್ನೇ ನಾನು ಬಾಯಿತುಂಬ ಹೊಗಳಿದೆ.

ಬಣ್ಣದ ತುಂಡುಗಳಿಗೆ ಎರಡು ಕೈ, ನನ್ನ ಪುಟಕ್ಕೆ ಎರಡು ಕೈ. ಉಳಿದವನು ಟೋರ್ನಿ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದಂಥ ಮನುಷ್ಯ. ಜೊತೆಗೇ ಸೇರಿದ್ದ ಹೆಂಡತಿ ಮಾಯ್ಲಿಸಳೇ ಅವನನ್ನು ಕೂಟಕ್ಕೆ ಎಳೆದು ತಂದಿದ್ದಾಳೆಂದು ನಾವೆಲ್ಲ ನಂಬಿದ್ದೆವು. ನಾನು ಆಸ್ಪತ್ರೆಯಲ್ಲಿದ್ದಷ್ಟು ದಿನ ವಾರಕ್ಕೊಮ್ಮೆ ಬಾದಾಮಿ ಕೇಕು ತಂದುಕೊಟ್ಟವಳು ಅವಳು. ಆಮೇಲೆ ಗೊತ್ತಾಯಿತು, ಹೆಸರು ಕೊಡೋಣವೆಂದು ಮೊದಲು ಅಂದವನು ಅವನೇ.

"ಒಳಗಿರೋದೆಲ್ಲ ಕಾಣುತ್ತಾ?" ಎಂದು ಟೋರ್ನಿ ಕೇಳಿದ. "ಆಟದಲ್ಲಿ ಬರದೇ ಇರೋದೂ?"

"ಎಲ್ಲಾ ಕಾಣುತ್ತೆ ಮಾರಾಯ. ಇದರಲ್ಲಿ ಏನನ್ನೂ ಬಚ್ಚಿಡೋಕಾಗಲ್ಲ," ಎಂದೆ.

ಅವನು ನಿಧಾನವಾಗಿ ಕೈಯೆತ್ತಿದ.

ಎಂಟು ವಾರ ಕಳೆಯಿತು. ಟೋರ್ನಿ ಎಲ್ಲರಿಗಿಂತ ಮೊದಲು ಬಂದು ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದ. ಬಾಗಿಲಿಡುವುದು ಹೇಗೆಂದು ಎರಡು ಸಲ ಕೇಳಿದ, ಎರಡು ಸಲವೂ ಪಕ್ಕದಲ್ಲಿ ಕೂತು ಹೇಳಿಕೊಟ್ಟೆ.

ಏಪ್ರಿಲಿನ ಕೊನೆಯ ಮಂಗಳವಾರ ಪ್ರದರ್ಶನ. ಒಬ್ಬೊಬ್ಬರ ಆಟವನ್ನೂ ಗೋಡೆಯ ದೊಡ್ಡ ಪರದೆಯ ಮೇಲೆ ಆಡಿ, ಆಮೇಲೆ ಒಳಗನ್ನು ತೆರೆದು ತೋರಿಸುತ್ತಿದ್ದೆ. ಉಲ್ಫನದು ಗರಗಸದಿಂದ ಓಡಿಹೋಗುವ ಮರದ ದಿಮ್ಮಿ. ಟೋರ್ನಿಯದು ಅವನ ಮನೆಯ ಹಿತ್ತಲು. ಸೇಬಿನ ಮರ, ಮೀನು ಉಪ್ಪಾಯಿತೆಂದು ಗೊಣಗುವ ಬೆಕ್ಕು, ಮೂಲೆಯಲ್ಲಿ ಕಾರು. ತಾಗಿದರೆ ಕಾರು, 'ನಾನಿನ್ನು ಹೊರಡುವುದಿಲ್ಲ, ಬಸ್ಸಿಗೆ ಹೋಗಿ' ಅಂದಿತು. ಎಲ್ಲರೂ ನಕ್ಕೆವು.

"ಚಳಿಗಾಲದಿಂದ ಕಣ್ಣು ಮಂಜು ಅಂತ ಕಾರೇ ಮುಟ್ಟಲ್ಲ," ಎಂದಳು ಮಾಯ್ಲಿಸ್. "ಬನ್ನಲ್ಲಿ ಸಕ್ಕರೆ ಕಮ್ಮಿಯಾಗಿದ್ರೆ ಮಾತ್ರ ದೂರದಿಂದ್ಲೇ ಕಾಣುತ್ತೆ."

ಒಳಗನ್ನು ತೆರೆದೆ. ಆಡಿದ್ದು ಮೂರು ಕೋಣೆ, ಪಟ್ಟಿಯಲ್ಲಿದ್ದದ್ದು ನಾಲ್ಕು. ನಾಲ್ಕನೆಯದಕ್ಕೆ ಬಾಗಿಲೇ ಇರಲಿಲ್ಲ. ಎರಡು ಸಲ ಹೇಳಿಕೊಟ್ಟರೂ ಮರೆತೆಯಲ್ಲ ಎಂದು ಛೇಡಿಸುತ್ತ, ಆಟವನ್ನು ಆ ಕೋಣೆಯಿಂದಲೇ ಶುರು ಮಾಡಿದೆ. ಕಪ್ಪು ನೆಲ, ನಡುವೆ ಬಿಳಿ ಗೆರೆ, ಅಂಚಿನಲ್ಲೊಂದು ಕೆಂಪು ಚುಕ್ಕಿ. ಹೋಗಿ ಕೆಂಪು ಚುಕ್ಕಿಯನ್ನು ತಾಗಿದೆ.

'ಅದು ಜಿಂಕೆಯಲ್ಲ.'

ಇನ್ನೂ ನಗುತ್ತಲೇ ಕೀಲಿ ಒತ್ತಿದೆ.

'ಕೆಂಪು ಟೋಪಿ ಕಂಡಿತು.'

ಆ ಸಂಜೆ ನಾನು ಹಾಕಿದ್ದ ಕೆಂಪು ಉಣ್ಣೆಯ ಟೋಪಿ ಬಾಗಿಲ ಬಳಿಯ ಗೂಟದಲ್ಲಿ ನೇತಾಡುತ್ತಿತ್ತು. ಬೆರಳು ತಾನಾಗಿ ಒತ್ತುತ್ತ ಹೋಯಿತು.

'ಕಾರು ನಿಲ್ಲಿಸಿದೆ. ಸೋಲ್ವೆಯ್ ಕೂಗಿದ್ದು ಕೇಳಿಸಿತು.'

'ಇಳಿಯಲಿಲ್ಲ.'

ಸೋಲ್ವೆಯ್ ಅಂದರೆ ನಾನು. ಸಾಲುಗಳು ಅಲ್ಲಿಗೆ ಮುಗಿದವು. ಮೇಜನ್ನು ಹಿಡಿದುಕೊಂಡೆ. ಉಲ್ಫ್ ಕಾಫಿಯ ಲೋಟವನ್ನು ಕೆಳಗಿಟ್ಟ. ಐದು ತಿಂಗಳು ಊರಿನ ಕಾರುಗಳನ್ನೆಲ್ಲ ಸಂಶಯಿಸಿದ್ದೆ, ಈ ಮನುಷ್ಯನ ಪಕ್ಕದಲ್ಲಿ ಕೂತು ಬೆಕ್ಕಿಗೆ ಮೀಸೆ ಬಿಡಿಸುವುದನ್ನು ಕಲಿಸಿದ್ದೆ.

ಮಾಯ್ಲಿಸ್ ಗಂಡನ ಕಡೆ ತಿರುಗಿದಳು. ಅವಳ ದನಿ ಏರಲೇ ಇಲ್ಲ.

"ಜಿಂಕೆಗೆ ಗುದ್ದಿದೆ ಅಂದಿದ್ದೆ ನೀನು. ಗಾಯಗೊಂಡ ಜಿಂಕೆಯನ್ನ ಬೇಟೆಯವನು ಬಂದು ಹುಡುಕ್ಕೊಂಡು ಹೋದ ಅಂತಾನೂ ಅಂದಿದ್ದೆ. ನಾನು ಇವಳಿಗೆ ಕೇಕು ತಗೊಂಡು ಹೋಗುವಾಗ ಡಬ್ಬಿ ಕಟ್ಟಿ ಕೊಡ್ತಿದ್ದೋನು ನೀನೇ ಅಲ್ವೇನೋ?"

ಟೋರ್ನಿ ತನ್ನ ಕೈಗಳನ್ನೇ ನೋಡುತ್ತಿದ್ದ. "ಬಾಗಿಲಿಡೋಕೆ ಆಗಲಿಲ್ಲ," ಅಂದ.

ಊರುಗೋಲಿನಿಂದ ಅವನ ತಲೆಗೆ ಬಾರಿಸಬೇಕೆನ್ನಿಸಿದ್ದು ನಿಜ. ಯಾರೆಂದು ತಿಳಿದರೆ ಸಾಕು ಅಂದುಕೊಂಡಿದ್ದೆನಲ್ಲ, ತಿಳಿದ ಮೇಲೆ ಯಾವುದೂ ಸಾಕಾಗಲಿಲ್ಲ. ಮೇಜಿನ ಮೇಲಿದ್ದ ಗ್ರಂಥಾಲಯದ ಫೋನನ್ನು ಅವನ ಮುಂದಕ್ಕೆ ತಳ್ಳಿದೆ.

"ಪೊಲೀಸರಿಗೆ ನೀನೇ ಹೇಳು."

ಅವನು ಫೋನು ಮಾಡಿದ. ಹೆಸರು ಹೇಳಿದ, ವಿಳಾಸ ಹೇಳಿದ. ವಿಷಯವೇನೆಂದು ಆ ಕಡೆಯವರು ಕೇಳಿರಬೇಕು, ತುಟಿಯಾಡಿತು, ದನಿ ಹೊರಡಲಿಲ್ಲ. ಪರದೆಯತ್ತ ನೋಡಿದ. ಅಲ್ಲಿ ರಸ್ತೆ ಮಾತ್ರ ಇತ್ತು. ಆಮೇಲೆ ನನ್ನತ್ತ ನೋಡಿದ.

ನಾನು ಮತ್ತೆ ಕೆಂಪು ಚುಕ್ಕಿಯನ್ನು ತಾಗಿದೆ. ಒಂದನೇ ತರಗತಿಯ ಮಗುವಿನ ಹಾಗೆ ಒಂದೊಂದೇ ಪದ ಕೂಡಿಸಿ ಅವನು ಓದತೊಡಗಿದ. ಜಿಂಕೆಯಲ್ಲ ಎಂದು ಓದಿದ, ಟೋಪಿ ಕಂಡಿತೆಂದು ಓದಿದ. ನಾನು ಕೂಗಿದ್ದು ಕೇಳಿಸಿತು ಎಂಬಲ್ಲಿಗೆ ನಿಂತುಬಿಟ್ಟ.

ಮುಂದಿನ ಸಾಲು ಬರಬೇಕಾದರೆ ಯಾರಾದರೂ ಕೀಲಿ ಒತ್ತಬೇಕಿತ್ತು. ನಾನು ಒತ್ತಿದೆ.